ಅಗ್ಗದ ಗ್ರೈಂಡರ್ ಕೊಳ್ಳುವ ರೈತರಿಗೆ ನಾಲ್ಕು ಮಾತು

ಕುಂಟೆಯ ಕುಡ ಮೊಂಡಾದರೆ, ಪಂಪಿನ ಪೈಪು ಕೊಯ್ಯಬೇಕಾದರೆ, ತುಕ್ಕು ಹಿಡಿದ ಬೋಲ್ಟು ಬಿಡದಿದ್ದರೆ ಹಿಂದೆ ಕಮ್ಮಾರನ ಕುಲುಮೆಯ ಮುಂದೆ ಸರತಿ ಕಾಯಬೇಕಾಗುತ್ತಿತ್ತು. ಈಗ ಕಲ್ಹೇರ್, ನಾರಾಯಣಖೇಡ, ಜಹೀರಾಬಾದ ಭಾಗದ ರೈತರೂ ಕೈಗ್ರೈಂಡರ್ ಒಂದನ್ನು ಮನೆಯಲ್ಲಿಟ್ಟುಕೊಂಡು ಇಂಥ ಕೆಲಸಗಳನ್ನು ತಾವೇ ಮುಗಿಸಿಕೊಳ್ಳಬಹುದಾಗಿದೆ. ಜರ್ಮನಿಯ ಫ್ಲೆಕ್ಸ್ ಕಂಪನಿ 1954ರಲ್ಲಿ ಹೊರತಂದ ಈ ಬಗೆಯ ಯಂತ್ರ ಇಂದು ಹಳ್ಳಿಯ ಅಂಗಳಕ್ಕೂ ಬಂದಿದೆ. ಬಹಳ ಉಪಯುಕ್ತವಾದ ಸಲಕರಣೆ, ನಿಜ. ಆದರೆ ಹಣ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬುದನ್ನು ಅರಿತು ಕೊಳ್ಳುವುದು ಲೇಸು.

ಮೊದಲು ಅಳತೆ. ಮನೆಗೆಲಸಕ್ಕೆ 4 ಇಂಚಿನ, ಅಂದರೆ 100 ಮಿಲಿಮೀಟರು ಚಕ್ರದ ಯಂತ್ರ ಧಾರಾಳವಾಗಿ ಸಾಕು. 600ರಿಂದ 850 ವ್ಯಾಟಿನ ಶಕ್ತಿಯಿದ್ದರೆ ಆಯಿತು. ದೊಡ್ಡ ಯಂತ್ರ ಭಾರವಾದದ್ದು. ಚಕ್ರ ಸಿಕ್ಕಿಕೊಂಡಾಗ ಅದು ಕೊಡುವ ಜಗ್ಗನ್ನು ಅಭ್ಯಾಸವಿಲ್ಲದ ಕೈ ತಡೆಯಲಾರದು. ಇಲ್ಲಿ ಹಣ ಉಳಿಸಿರಿ.

ಉಳಿಸಬಾರದ ಕಡೆ ಮೊದಲನೆಯದು ಚಕ್ರದ ಮೇಲಿನ ಕಾಪು. ಜನ ಗಾರ್ಡು ಎನ್ನುವುದು ಇದನ್ನೇ. ತಗಡು ಗಟ್ಟಿಯಾಗಿರಬೇಕು, ಕೈಯಲ್ಲಿ ಅಲುಗಿಸಿದರೆ ಅಲುಗಬಾರದು. ಬದಿಯ ಹಿಡಿಕೆ ಜೊತೆಗಿರಬೇಕು. ಕೆಲವರು ಕಾಪು ಬಿಚ್ಚಿ ದೊಡ್ಡ ಚಕ್ರ ಕೂಡಿಸುತ್ತಾರೆ. ಲೆಕ್ಕ ನೋಡಿರಿ: ಸಣ್ಣ ಯಂತ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 4 ಇಂಚಿನ ಚಕ್ರದ ಅಂಚು ಆಗಲೇ ತಾಸಿಗೆ 200 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿರುತ್ತದೆ. 7 ಇಂಚಿನ ಚಕ್ರ ಸಾಮಾನ್ಯವಾಗಿ ತಾಳುವುದು 8,500 ಸುತ್ತು ಮಾತ್ರ. ಅದನ್ನು ಸಣ್ಣ ಯಂತ್ರಕ್ಕೆ ಹಾಕಿದರೆ ಒಡೆದು ಚೂರು ಮುಖಕ್ಕೆ ಸಿಡಿದೀತು. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನಂತೂ ಹಾಕಲೇಬೇಡಿರಿ.

ಎರಡನೆಯದು ಚಕ್ರ. ಅದರ ಮೇಲೆ ಬರೆದ ಸುತ್ತು ಯಂತ್ರದ ಸುತ್ತಿಗಿಂತ ಕಡಿಮೆ ಇರಬಾರದು. ಅವಧಿ ಮುಗಿಯುವ ತಿಂಗಳು, ವರ್ಷ ನಡುವಿನ ಉಂಗುರದ ಮೇಲಿರುತ್ತದೆ, ಓದಿ ಕೊಳ್ಳಿರಿ. ಕೊಯ್ಯುವ ತೆಳು ಚಕ್ರದ ಬದಿಯಿಂದ ಉಜ್ಜಬಾರದು. ಅದಕ್ಕೆ ದಪ್ಪ ಚಕ್ರವೇ ಬೇರೆ ಇದೆ. ಬಿರುಕು ಬಿಟ್ಟ, ನೀರುಂಡ ಚಕ್ರವನ್ನು ಎಸೆದುಬಿಡಿರಿ.

ಮೂರನೆಯದು ಸ್ವಿಚ್ಚು. ಕೈಬಿಟ್ಟೊಡನೆ ನಿಲ್ಲುವಂಥದು ಉತ್ತಮ. ಅಗ್ಗದ ಯಂತ್ರಗಳಲ್ಲಿ ಮುಂದೆ ದೂಡಿದರೆ ಹಾಗೇ ನಿಲ್ಲುವ ಸ್ವಿಚ್ಚೇ ಹೆಚ್ಚು. ಕೆಲಸದ ನಡುವೆ ಕರೆಂಟು ಹೋಗಿ, ಯಂತ್ರವನ್ನು ಕೆಳಗಿಟ್ಟು ಎದ್ದುಹೋದಿರಿ ಎನ್ನಿ. ಕರೆಂಟು ಬಂದೊಡನೆ ಅದು ತಾನೇ ತಿರುಗಿ ನೆಗೆದೀತು. ಹತ್ತಿರ ಮಗುವಿದ್ದರೆ ಗತಿಯೇನು? ಆದ್ದರಿಂದ ಕರೆಂಟು ಹೋದರೆ ಮೊದಲು ಪ್ಲಗ್ಗು ಕೀಳಿರಿ. ಚಕ್ರ ಬದಲಿಸುವಾಗಲೂ ಇದೇ ನಿಯಮ.

ಕೊಳ್ಳುವ ಮುನ್ನ ಅಂಗಡಿಯವರನ್ನು ಒಂದು ಮಾತು ಕೇಳಿರಿ: ಇದರ ಕಾರ್ಬನ್ ಬ್ರಷ್ ಇಲ್ಲಿಯೇ ಸಿಗುತ್ತದೆಯೇ? ಸವೆಯುವ ಭಾಗ ಅದು. ಸಿಗದಿದ್ದರೆ ಕಡಿಮೆ ಬೆಲೆಯ ಯಂತ್ರ ಮೂಲೆ ಸೇರುತ್ತದೆ. ಬಿಲ್ಲು, ಗ್ಯಾರಂಟಿ ಚೀಟಿ ತೆಗೆದಿಡಿರಿ.

ಕಣ್ಣಿಗೆ ಕನ್ನಡಕವಿಲ್ಲದೆ ಯಂತ್ರ ಮುಟ್ಟಬೇಡಿರಿ. ಸಡಿಲ ಅಂಗಿ, ಹೆಗಲ ಮೇಲಿನ ವಲ್ಲಿ ದೂರವಿರಲಿ. ಕಿಡಿ ಹಲವು ಮೊಳ ಹಾರುತ್ತದೆ. ಹತ್ತಿಯ ರಾಶಿ, ಕಣಿಕೆಯ ಬಣವೆ, ಡೀಸೆಲ್ ಡಬ್ಬಿಗಳ ಬಳಿ ಈ ಕೆಲಸ ಬೇಡ. ಕುಡ, ಕೊಡಲಿಗಳನ್ನು ಮಸೆಯುವಾಗ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಕೆಟ್ಟಿತೆಂದೇ ತಿಳಿಯಿರಿ. ಸ್ವಲ್ಪ ಉಜ್ಜಿ, ನೀರಿನಲ್ಲಿ ಅದ್ದಿ, ಮತ್ತೆ ಉಜ್ಜಬೇಕು. ಹದ ಹೋದ ಕುಡಕ್ಕೆ ಮತ್ತೆ ಕುಲುಮೆಯೇ ಗತಿ.

ಯಂತ್ರದ ಬೆಲೆಯಲ್ಲಿ ಕನ್ನಡಕ, ಒಳ್ಳೆಯ ಚಕ್ರ ಇವುಗಳ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿರಿ. ಆ ಕೆಲವು ನೂರು ರೂಪಾಯಿ ಉಳಿಸಹೋಗಿ ಕಣ್ಣು ಕಳೆದುಕೊಂಡರೆ ಯಾವ ಸುಗ್ಗಿಯೂ ಅದನ್ನು ತುಂಬಿಕೊಡಲಾರದು.