256ರ ತನಕ ಅದೇ, 257ಕ್ಕೆ ಅಂಥದ್ದೇ!

ಪೈಥಾನ್ ತೆರೆದು ಮೊದಲ ಸಾಲಿನಲ್ಲಿ ‘ಎ’ಗೆ 256 ಕೊಟ್ಟೆ, ಮುಂದಿನ ಸಾಲಿನಲ್ಲಿ ‘ಬಿ’ಗೂ 256. ನಡುವೆ ‘ಇಸ್’ ಹಾಕಿ, ಇದು ಅದೇನಾ ಅಂತ ಕೇಳಿದೆ. ‘ಟ್ರೂ’ ಅಂತು. ಇದರಲ್ಲೇನು ಮಹಾ ಅಂದುಕೊಂಡು, ಎರಡಕ್ಕೂ 257 ಕೊಟ್ಟು ಮತ್ತೆ ಕೇಳಿದೆ. ‘ಫಾಲ್ಸ್’!

ಒಂದೇ ಒಂದು ಹೆಚ್ಚಾಗಿದ್ದಕ್ಕೆ ಲೋಕವೇ ತಲೆಕೆಳಗೆ! ಗಾಬರಿಯಿಂದ ‘==’ ಹಾಕಿ ನೋಡಿದೆ. ‘ಟ್ರೂ’. ಅಂದರೆ ಸಮ ಹೌದು, ಅದೇ ಅಲ್ಲ.

ನಮ್ಮ ಅಡುಗೆಮನೆಗಳಿಗೆ ಈ ಭೇದ ಹಳೆಯದು. ‘ಅದೇ ಲೋಟ’ ಬೇರೆ, ‘ಅಂಥದ್ದೇ ಲೋಟ’ ಬೇರೆ. ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಿದ್ದದ್ದು ಮತ್ತೇಕೆ? ‘==’ ನೋಡುವುದು ಲೋಟದ ಅಳತೆ, ಆಕಾರ; ‘ಇಸ್’ ನೋಡುವುದು ಕೊರೆಸಿದ ಹೆಸರು. ನಾವು ಸಾಮಾನ್ಯವಾಗಿ ಬಳಸುವ ಸೀಪೈಥಾನ್‌ನಲ್ಲಿ ಆ ಹೆಸರೆಂದರೆ ವಸ್ತು ಕೂತಿರುವ ಮೆಮೊರಿಯ ವಿಳಾಸ.

ಮತ್ತೆ 256ರ ಗುಟ್ಟೇನು? ಸಣ್ಣ ಸಂಖ್ಯೆಗಳು ಪದೇ ಪದೇ ಬೇಕಾಗುತ್ತವೆಂದು ನನ್ನ ಯಂತ್ರದ ಪೈಥಾನ್ ಶುರುವಾಗುವಾಗಲೇ -5ರಿಂದ 256ರವರೆಗಿನ 262 ಸಂಖ್ಯೆಗಳನ್ನು ಮಾಡಿಟ್ಟುಕೊಂಡಿರುತ್ತದೆ! ಯಾರು ಎಷ್ಟು ಸಲ ಕೇಳಿದರೂ ಅದೇ 256. ಆ 257 ಮಾತ್ರ ಕೇಳಿದಾಗಲೆಲ್ಲ ಹೊಸದು. ಜಾವಾದ ‘ಇಂಟಿಜರ್’ ವಸ್ತುಗಳಲ್ಲೂ ಇದೇ ಆಟ. ಅಲ್ಲಿ ಗಡಿ 127.

ಅದೇ ವಸ್ತುವಾದರೆ ಸಮವಂತೂ ಆಗಲೇಬೇಕಲ್ಲ? ಇಲ್ಲ ಸ್ವಾಮಿ! ಅನಂತದಿಂದ ಅನಂತ ಕಳೆದರೆ ಸಿಗುವ ‘ನ್ಯಾನ್’ ತನಗೆ ತಾನೇ ಸಮವಲ್ಲ. ದಶಮಾಂಶ ಲೆಕ್ಕಕ್ಕೆ ಕಂಪ್ಯೂಟರ್‌ಗಳು ಅನುಸರಿಸುವ, 1985ರಲ್ಲಿ ಬಂದ ಐಇಇಇ 754 ನಿಯಮ ಹಾಗೆ ಹೇಳುತ್ತದೆ. ಆದರೆ ಅದೇ ನ್ಯಾನನ್ನು ಎರಡು ಪಟ್ಟಿಗಳೊಳಗೆ ಹಾಕಿ ಹೋಲಿಸಿ: ಪಟ್ಟಿಗಳು ಸಮ! ಪಟ್ಟಿ ಮೊದಲು ‘ಅದೇನಾ’ ಅಂತ ನೋಡುತ್ತದೆ. ಹೌದಾದರೆ ಸಮವೋ ಎಂದು ಕೇಳುವ ಗೋಜಿಗೇ ಹೋಗುವುದಿಲ್ಲ. ಈ ಅವಸರ ನನಗಂತೂ ಬಹಳ ಇಷ್ಟವಾಯಿತು.

ಕೊನೆಗೆ ಕನ್ನಡಕ್ಕೇ ಕೈ ಹಾಕಿದೆ. ‘ಕೊಡಗು’ ಎಂದು ಎರಡು ಸಲ ಬರೆದೆ. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವಿಲ್ಲ. ‘==’ ಅಂದರೆ ‘ಫಾಲ್ಸ್’! ಉದ್ದ ಕೇಳಿದರೆ ಒಂದಕ್ಕೆ 5, ಇನ್ನೊಂದಕ್ಕೆ 6. ಯೂನಿಕೋಡ್‌ನಲ್ಲಿ ಒತ್ವಕ್ಕೆ ತನ್ನದೇ ಸಂಕೇತವಿದೆ. ಎತ್ವದ ಮುಂದೆ ಊತ್ವದ ಕೊಂಬು ಇಟ್ಟರೂ ಅದೇ ಒತ್ವ. ಎರಡನೆಯದನ್ನು ನಾನು ಹಾಗೆ ಬಿಡಿಸಿ ಬರೆದಿದ್ದೆ. ಕಣ್ಣಿಗೆ ಒಂದು ಕೊಡಗು, ಯಂತ್ರಕ್ಕೆ ಎರಡು! ಕನ್ನಡ ಪದ ಹುಡುಕುವ ತಂತ್ರಾಂಶ ಬರೆಯುವವರು ಇದನ್ನೊಮ್ಮೆ ಮಾಡಿ ನೋಡಲೇಬೇಕು.

‘ನಾರ್ಮಲೈಸ್’ ಮಾಡಿ ಬಿಡಿ ಗುರುತುಗಳನ್ನು ಕೂಡಿಸಿದೆ. ಎರಡಕ್ಕೂ ಉದ್ದ 5. ‘==’ ಹಾಕಿದೆ: ‘ಟ್ರೂ’. ಆಸೆ ತಡೆಯದೆ ‘ಇಸ್’ ಅಂತಲೂ ಕೇಳಿಬಿಟ್ಟೆ.

‘ಫಾಲ್ಸ್’.