ಅಜ್ಜಿ ತಂದ ಚಂದ್ರ ಹಲಸು

2023ರ ಕಾರ್ತಿಕ ಮಾಸದಲ್ಲಿ ನಮ್ಮ ತಾಯಿಯ ತಾಯಿ ತೀರಿಕೊಂಡಳು. ವಯಸ್ಸು ಎಂಬತ್ತೈದು ದಾಟಿತ್ತೆಂದು ಅಂದಾಜು. ಹುಟ್ಟಿದ ವರ್ಷ ಬರೆದಿಟ್ಟವರಿಲ್ಲ. ತುರುವೇಕೆರೆ ತಾಲ್ಲೂಕಿನ ಸಣ್ಣ ಹಳ್ಳಿ, ನಾಲ್ಕು ಎಕರೆ ಖುಷ್ಕಿ, ಐದು ಮಕ್ಕಳು. ಓದು ಬರಹ ಬಾರದು. ಬಸ್ಸಿನ ಬೋರ್ಡನ್ನು ಪಕ್ಕದವರಿಂದ ಓದಿಸಿಕೊಂಡೇ ಕಾಶಿ, ರಾಮೇಶ್ವರ, ಸವದತ್ತಿ, ಎಪ್ಪತ್ತು ದಾಟಿದ ಮೇಲೆ ಬದರಿಯವರೆಗೂ ಹೋಗಿ ಬಂದವಳು. ಹೋದ ಕಡೆಯಲ್ಲೆಲ್ಲ ದೇವರಿಗೆ ಕೈಮುಗಿದಾದ ಮೇಲೆ ಅವಳು ಹುಡುಕುತ್ತಿದ್ದುದು ಅಲ್ಲಿನ ಹೊಲವನ್ನು. ವಾಪಸು ಬರುವಾಗ ಸೆರಗಿನ ಗಂಟಿನಲ್ಲಿ ಏನಾದರೊಂದು ಬೀಜ ಇದ್ದೇ ಇರುತ್ತಿತ್ತು.

ಈ ತಿರುಗಾಟ ಶುರುವಾದದ್ದು ಭಕ್ತಿಯಿಂದಲ್ಲ, ಕಷ್ಟದಿಂದ. 1977ರಲ್ಲಿ ತಾತ ಹೋದರು. 1979ರ ಮಳೆಗಾಲದಲ್ಲಿ ಜೋಡಿಯೆತ್ತಿನಲ್ಲಿ ಒಂದು ಗಳಲೆ ರೋಗಕ್ಕೆ ಬಲಿಯಾಯಿತು. (ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಬೇಕಾದ ರೋಗವಿದು, ಎತ್ತು ಜೊಲ್ಲು ಸುರಿಸಿ ಗೊರಗೊರ ಎನ್ನುವಾಗ ಓಡಿದರೆ ಕಾಲ ಮಿಂಚಿರುತ್ತದೆ.) ಉಳಿದ ಒಂಟಿ ಎತ್ತಿಗೆ ಜೊತೆ ಕೊಡಲು ದಾಯಾದಿಗಳು ಒಪ್ಪಲಿಲ್ಲ. ರಾಗಿ ಬಿತ್ತನೆ ತಡವಾಯಿತು, ಬೆಳೆ ಅರ್ಧಕ್ಕಿಳಿಯಿತು. ಆ ಡಿಸೆಂಬರಿನಲ್ಲಿ ಅಜ್ಜಿ ಒಂಟಿ ಎತ್ತನ್ನೂ ತನ್ನ ಕೊರಳಿನ ಸರವನ್ನೂ ಮಾರಿ, ಹದಿಮೂರು ವರ್ಷದ ಕಿರಿಮಗನನ್ನು ಕರೆದುಕೊಂಡು ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೊರಟಳು.

ಘಾಟಿ ಜಾತ್ರೆ ಹಳ್ಳಿಕಾರ್ ರಾಸುಗಳಿಗೆ ಹೆಸರಾದದ್ದು. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವಕ್ಕೆ ಮುಂಚೆಯೇ ದನ ಸೇರುತ್ತವೆ. ಅಲ್ಲಿ ಹೆಂಗಸೊಬ್ಬಳು ಒಂಟಿಯಾಗಿ ವ್ಯಾಪಾರಕ್ಕೆ ನಿಂತದ್ದನ್ನು ನೋಡಲು ಜನ ಕೂಡಿದರಂತೆ. ದನದ ಜಾತ್ರೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ ಎಂಬುದು ಓದುಗರಿಗೆ ಗೊತ್ತೇ ಇದೆ. ಟವೆಲ್ಲಿನ ಕೆಳಗೆ ದಲ್ಲಾಳಿ ಬೆರಳು ಹಿಡಿಯುತ್ತಾನೆ, ಲೆಕ್ಕ ಬೆರಳಿನಲ್ಲೇ ನಡೆಯುತ್ತದೆ. ಹೆಂಗಸಿನ ಕೈ ಹಿಡಿಯಲು ದಲ್ಲಾಳಿಗೆ ಸಂಕೋಚ. ಹುಡುಗನ ಕೈ ಕೊಡಮ್ಮ ಎಂದನಂತೆ. "ಬೆರಳಿನ ವ್ಯಾಪಾರ ನಂಗೆ ಬ್ಯಾಡ ಕಣಪ್ಪ. ಬಾಯಲ್ಲೇ ಹೇಳು, ನಾಲ್ಕು ಜನ ಕೇಳ್ಕಳ್ಳಿ" ಎಂದಳು ಅಜ್ಜಿ. ನಾಲ್ಕು ಜನ ಕೇಳಿದರೆ ಬೆಲೆ ತಾನಾಗಿಯೇ ಇಳಿಯುತ್ತದೆ. ಎರಡು ಹಲ್ಲಿನ ಹೋರಿ ಜೋಡಿಯನ್ನು ಎರಡು ಸಾವಿರದ ನೂರು ರೂಪಾಯಿಗೆ ಮುಗಿಸಿದಳು. ಸುಳಿ ನೋಡಲಿಲ್ಲ, ಗೊರಸು ನೋಡಿದಳು, ಹಲ್ಲು ನೋಡಿದಳು, ಹತ್ತು ಮಾರು ನಡೆಸಿ ಹೆಜ್ಜೆ ನೋಡಿದಳು. ಇದನ್ನು ನಾನು ಕೃಷಿ ಕಾಲೇಜಿನಲ್ಲಿ ಓದಿದ್ದು ಆಮೇಲೆ.

ಲಾರಿಗೆ ಕೊಡಲು ದುಡ್ಡಿರಲಿಲ್ಲ. ದಾಬಸ್‌ಪೇಟೆ, ತುಮಕೂರು, ಗುಬ್ಬಿ ಹಾದು, ನೂರು ಕಿಲೋಮೀಟರಿಗೂ ಮೀರಿದ ಹಾದಿಯನ್ನು ತಾಯಿ ಮಗ ಐದು ದಿನ ನಡೆದರು. ತುಮಕೂರಿನಲ್ಲಿ ಹೋರಿಗಳಿಗೆ ಲಾಳ ಕಟ್ಟಿಸಿದಳು. ತಾನು ಮಾತ್ರ ಬರಿಗಾಲು.

ಜಾತ್ರೆ ಬಿಟ್ಟು ಹೊರಟ ಮೊದಲ ರಾತ್ರಿ ಅವರು ತಂಗಿದ್ದು ತೂಬಗೆರೆ ಹತ್ತಿರ ಒಬ್ಬ ರೈತರ ಮನೆಯ ಜಗಲಿಯಲ್ಲಿ. ಹಿತ್ತಲಿನ ಹಲಸಿನ ಮರ ತೋರಿಸಿ ಆ ಮನೆಯಾಕೆ, ಇದರ ತೊಳೆ ಕುಂಕುಮದ ಬಣ್ಣ, ಹಣ್ಣಿನ ಕಾಲಕ್ಕೆ ಬಾರಮ್ಮ ಎಂದಿದ್ದರಂತೆ. ಇಂಥ ಮಾತನ್ನು ಎಲ್ಲರೂ ಆಡುತ್ತಾರೆ, ಯಾರೂ ಹೋಗುವುದಿಲ್ಲ. ಅಜ್ಜಿ 1980ರ ಜೂನಿನಲ್ಲಿ ಹೋದಳು! ಮೂರು ಬಸ್ಸು ಬದಲಾಯಿಸಿ, ತಲೆಯ ಮೇಲೆ ಹಣ್ಣು ಹೊತ್ತು ತಂದಳು. ಊರಿನವರಿಗೆಲ್ಲ ಒಂದೊಂದು ತೊಳೆ ಹಂಚಿ, ಬೀಜ ಮಾತ್ರ ಕೇಳಿ ವಾಪಸು ಇಸಕೊಂಡಳು. ಮಾರನೆಯ ದಿನವೇ ಗೊಬ್ಬರದ ಗುಣಿಗಳಲ್ಲಿ ಊರಿದಳು. ಅದು ಸರಿಯಾದ ಕ್ರಮವೇ. ಹಲಸಿನ ಬೀಜ ರಾಗಿಯಂತೆ ಒಣಗಿಸಿ ಮುಂದಿನ ವರ್ಷಕ್ಕೆ ಇಡುವಂಥದ್ದಲ್ಲ; ಒಣಗಿದರೆ ಮೊಳಕೆ ಸಾಯುತ್ತದೆ.

ಹದಿನಾರು ಸಸಿ ಎದ್ದವು. ಆಡು ಮೇಯ್ದು ಉಳಿದದ್ದು ಐದು. ಎಂಟು ವರ್ಷಕ್ಕೆ ಫಲ ಬಂತು. ಐದರಲ್ಲಿ ಮೂರು ಸಾಧಾರಣ ಹಳದಿ, ಒಂದು ಕೈಗೆ ಅಂಟಿಕೊಳ್ಳುವ ಅಂಬಲಿ ಹಲಸು, ಒಂದೇ ಒಂದು ಮಾತ್ರ ಕೆಂಪು ತೊಳೆಯ ಚಂದ್ರ ಹಲಸು. ಹಲಸಿನಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಮರದಲ್ಲಿದ್ದರೂ ಬೇರೆ ಬೇರೆ. ಪರಾಗ ಎಲ್ಲಿಂದಲೋ ಬರುತ್ತದೆ. ಆದ್ದರಿಂದ ಬೀಜದಿಂದ ಎದ್ದ ಸಸಿ ತಾಯಿಯ ಗುಣವನ್ನೇ ತರುತ್ತದೆಂಬ ಭರವಸೆಯಿಲ್ಲ. ಅದೇ ಗುಣ ಬೇಕಾದರೆ ಕಸಿಯೇ ಗತಿ.

ಅವಳು ತಂದದ್ದೆಲ್ಲ ಫಲಿಸಿತೆಂದು ಹೇಳುತ್ತಿಲ್ಲ. ಸವದತ್ತಿಗೆ ಹೋದವಳು ಹಿಂಗಾರಿ ಬಿಳಿ ಜೋಳ ತಂದು ನಮ್ಮ ಕೆಂಪು ಮಣ್ಣಿನಲ್ಲಿ ಅಕ್ಟೋಬರಿಗೆ ಬಿತ್ತಿದಳು. ಮಳೆ ನಿಂತ ಮೇಲೂ ತೇವ ಹಿಡಿದಿಟ್ಟುಕೊಂಡು ಬೆಳೆ ಸಾಕುವ ಶಕ್ತಿ ಆ ಕಡೆಯ ಕಪ್ಪು ನೆಲದ್ದು. ನಮ್ಮದು ಹದಿನೈದು ದಿನಕ್ಕೆ ಒಣಗುತ್ತದೆ. ತೆನೆ ಕಟ್ಟಲಿಲ್ಲ, ಮೇವಾಯಿತು. "ಬೀಜ ತಂದೆ, ಎರೆಮಣ್ಣು ತರಕಾಗ್ಲಿಲ್ಲ" ಎಂದು ನಕ್ಕುಬಿಟ್ಟಳು. ನಷ್ಟವಾದಾಗ ಬೀಜ ಕೊಟ್ಟವರನ್ನು ಬೈಯದ ರೈತರನ್ನು ನಾನು ನನ್ನ ಕೆಲಸದಲ್ಲಿ ಹೆಚ್ಚು ಕಂಡಿಲ್ಲ.

ಈಗ ನನ್ನ ತಪ್ಪಿನ ವಿಷಯ. 2015ರ ಬೇಸಿಗೆಯಲ್ಲಿ ಅಜ್ಜಿ, "ಈ ಮರಕ್ಕೆ ವಯಸ್ಸಾಯ್ತು, ಇದರ ಕಸಿ ಕಟ್ಟಕ್ಕೆ ಬರುತ್ತೇನ್ಲಾ ಮಗಾ?" ಎಂದು ಕೇಳಿದಳು. ಮುಂದಿನ ವರ್ಷ ಕಟ್ಟೋಣ ಎಂದೆ. ಊರೂರಿನ ರೈತರಿಗೆ ಕಸಿ ಕಟ್ಟುವುದನ್ನು ತೋರಿಸಿಕೊಂಡು ತಿರುಗುವವನಿಗೆ ಅಜ್ಜಿಯ ಹೊಲಕ್ಕೆ ಹೋಗಲು ಬಿಡುವಾಗಲಿಲ್ಲ. 2017ರಲ್ಲಿ ಗುಬ್ಬಿ ತಾಲ್ಲೂಕು ಚೇಳೂರಿನ ರೈತರೊಬ್ಬರ ತಾಮ್ರಗೆಂಪು ತೊಳೆಯ ಸಿದ್ದು ಹಲಸಿನ ಕಸಿ ಗಿಡಗಳನ್ನು ಬೆಳೆಸಲು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಆ ಸುದ್ದಿ ಅವಳ ಕಿವಿಗೂ ಬಿತ್ತು. "ಚೇಳೂರಿನವ್ರು ಮಾಡ್ಕಂಡ್ರಂತೆ, ನೀನು ಯಾವಾಗ?" ಎಂದಳು. ನಗುತ್ತಲೇ ಕೇಳಿದ್ದಳು, ನಾನೂ ನಕ್ಕು ಸುಮ್ಮನಾದೆ. ಎಂಟು ಬೇಸಿಗೆ ಹಾಗೆಯೇ ಕಳೆದವು.

ಅವಳ ತಿಥಿ ಮುಗಿದ ಮೇಲೆ ಜಮೀನು ಭಾಗವಾಯಿತು. ಮರ ಚಿಕ್ಕ ಮಾವನ ಪಾಲಿನ ಬದುವಿಗೆ ಬಂತು. ಅಂದು ಹೋರಿ ಹಿಡಿದು ಐದು ದಿನ ನಡೆದ ಹುಡುಗ ಅವರೇ. ಕೊಳವೆ ಬಾವಿಯ ಸಾಲ ಕುತ್ತಿಗೆಗೆ ಬಂದಿತ್ತು. ಹಲಸಿನ ಮರಮುಟ್ಟಿಗೆ ಬಾಗಿಲು, ಚೌಕಟ್ಟಿನವರಲ್ಲಿ ಗಿರಾಕಿಯುಂಟು. ಮರದ ವ್ಯಾಪಾರಿ ಮೂವತ್ತೆಂಟು ಸಾವಿರ ಹೇಳಿದ್ದ. ಮಗಳ ಮಗನಾದ ನನಗೆ ಬೇಡವೆನ್ನುವ ಹಕ್ಕಿರಲಿಲ್ಲ, ಸಾಲ ತೀರಿಸುವ ಶಕ್ತಿಯೂ ಇರಲಿಲ್ಲ. ಈ ವರ್ಷದ ಹಣ್ಣು ಮುಗಿಯುವವರೆಗೆ ತಡೆಯಿರಿ ಎಂದಷ್ಟೇ ಕೇಳಿದೆ. ಮಾವ ಒಪ್ಪಿದರು.

2024ರ ಜೂನಿನಲ್ಲಿ ಕೆಲಸ ಹಿಡಿದೆ. ಪೆನ್ಸಿಲ್ ದಪ್ಪದ ನಾಟಿ ಹಲಸಿನ ಸಸಿಗಳನ್ನು ನರ್ಸರಿಯಿಂದ ತಂದಿಟ್ಟುಕೊಂಡೆ. ಫಲ ಬಿಡುವ ಕೊಂಬೆಗಳ ತುದಿ ಗುರುತಿಸಿ, ಎಲೆಗಳನ್ನು ತೊಟ್ಟು ಉಳಿಯುವಂತೆ ಕತ್ತರಿಸಿ ಎಂಟು ಹತ್ತು ದಿನ ಬಿಟ್ಟೆ. ಅಷ್ಟರಲ್ಲಿ ತುದಿಮೊಗ್ಗು ಉಬ್ಬುತ್ತದೆ. ಆಗ ಗೇಣಿಗಿಂತ ಕಡಿಮೆ ಉದ್ದದ ಕಡ್ಡಿ ಕತ್ತರಿಸಿ, ಬುಡವನ್ನು ಎರಡೂ ಕಡೆ ಬೆಣೆಯಂತೆ ಕೆತ್ತಿ, ಸಸಿಯ ಎಳೆಕಾಂಡದ ಸೀಳಿಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೇಲೆ ಸಣ್ಣ ಪ್ಲಾಸ್ಟಿಕ್ ಕೊಳವೆ ಚೀಲ ತೊಡಿಸಿ ನೆರಳಿನಲ್ಲಿಟ್ಟೆ. ಹಲಸಿನ ಹಾಲು ಚಾಕುವಿಗೆ ಅಂಟುತ್ತದೆ. ಪ್ರತಿ ಸಲವೂ ಒರೆಸಿಕೊಳ್ಳಬೇಕು. ಮೂರು ನಾಲ್ಕು ವಾರದಲ್ಲಿ ಚಿಗುರು ಕಂಡರೆ ಚೀಲ ತೆಗೆಯುವುದು. ಕಟ್ಟಿದ್ದು ಇಪ್ಪತ್ನಾಲ್ಕು, ಹತ್ತಿದ್ದು ಹದಿಮೂರು.

ಕಡೆಯ ಹಣ್ಣನ್ನು ಅಜ್ಜಿಯ ಜಗಲಿಯಲ್ಲೇ ಕೊಯ್ದೆವು. ಆ ದಿನ ಮಾವ ದಾಬಸ್‌ಪೇಟೆಯ ಹಾದಿಯಲ್ಲಿ ಹೋರಿ ಹಗ್ಗ ಕಿತ್ತುಕೊಂಡು ಓಡಿದ ಕತೆಯನ್ನು ಎರಡು ಸಲ ಹೇಳಿದರು. ಆಗಸ್ಟಿನಲ್ಲಿ ಮರ ಉರುಳಿತು. ಕಡಿಯುವ ದಿನ ನಾನು ಹೋಗಲಿಲ್ಲ.

ಹದಿಮೂರು ಕಸಿಗಳಲ್ಲಿ ಐದನ್ನು ಅಜ್ಜಿಯ ಐದು ಮಕ್ಕಳ ಮನೆಗೂ, ಉಳಿದವನ್ನು ಊರಿನಲ್ಲಿ ಕೇಳಿದವರಿಗೂ ಕೊಟ್ಟಾಯಿತು. ಕಸಿ ಹಲಸು ಚೆನ್ನಾಗಿ ನೋಡಿಕೊಂಡರೆ ಮೂರು ನಾಲ್ಕು ವರ್ಷಕ್ಕೆ ಕಾಯಿ ಕಚ್ಚುತ್ತದೆ. ಚಿಕ್ಕ ಮಾವ ತಮ್ಮ ಪಾಲಿನ ಗಿಡವನ್ನು ಹಳೆಯ ಬುಡದ ಪಕ್ಕದಲ್ಲೇ ನೆಟ್ಟಿದ್ದರು. ಒಂದು ಸಲ ಆಡು ಮೇಯ್ದು ಹೋಯಿತು. ಕಸಿಯ ಗಂಟಿನ ಮೇಲಿನಿಂದಲೇ ಮತ್ತೆ ಚಿಗುರಿತು. ಈಗ ಸುತ್ತ ಜಾಲಿ ಮುಳ್ಳಿನ ಬೇಲಿ ಕಟ್ಟಿದ್ದಾರೆ.