ಕೊನೆಯ ಬಂಡಿಯಿಂದ ಆರಂಭ

ಸ್ವಿಟ್ಜರ್ಲೆಂಡಿನ ರಾಜಧಾನಿ ಬರ್ನ್ ನಗರದ ರೈಲು ನಿಲ್ದಾಣದಲ್ಲಿ ಬೇಸಿಗೆಯ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ದಪ್ಪ ಅಟ್ಟೆಯ ಬೂಟು ತೊಟ್ಟು, ಬೆನ್ನಿಗೆ ಚೀಲ ಏರಿಸಿ, ಕೈಯಲ್ಲಿ ಊರುಗೋಲು ಹಿಡಿದವರ ಸಣ್ಣ ಸಣ್ಣ ಗುಂಪುಗಳು. ಶಾಲೆಯ ಮಕ್ಕಳಿಂದ ಹಿಡಿದು ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರವರೆಗೆ ಎಲ್ಲ ವಯಸ್ಸಿನವರೂ ಅಲ್ಲಿರುತ್ತಾರೆ. ಸಂಜೆಯ ಊಟದ ಹೊತ್ತಿಗೆ ಇವರೆಲ್ಲ ಮನೆ ಸೇರುತ್ತಾರೆ. ಆದರೆ ಅಷ್ಟರೊಳಗೆ ಆಲ್ಪ್ಸ್ ಪರ್ವತದ ಎರಡೂವರೆ ಸಾವಿರ ಮೀಟರ್ ಎತ್ತರದಲ್ಲಿ ನಿಂತು ಹಿಮನದಿಯೊಂದನ್ನು ನೋಡಿ ಬಂದಿರುತ್ತಾರೆ. ಇವರಲ್ಲಿ ಬಹಳ ಮಂದಿಗೆ ಸ್ವಂತ ಕಾರು ಉಂಟು. ಅದನ್ನು ಮನೆಯ ಮುಂದೆಯೇ ಬಿಟ್ಟು ಬಂದಿದ್ದಾರೆ.

ಹಣ ಉಳಿಸಲೆಂದು ಹೀಗೆ ಮಾಡುತ್ತಾರೆ ಎಂದುಕೊಂಡರೆ ಅದು ಪೂರ್ತಿ ನಿಜವಲ್ಲ. ಆ ದೇಶದಲ್ಲಿ ರೈಲಿನ ಟಿಕೆಟ್ ಅಗ್ಗವೇನಲ್ಲ. ಬಹಳಷ್ಟು ಜನ ವರ್ಷಕ್ಕೊಮ್ಮೆ ಹಣ ಕಟ್ಟಿ ಅರ್ಧ ದರದ ಕಾರ್ಡು ಮಾಡಿಸಿಕೊಳ್ಳುವುದೇ ಅದಕ್ಕೆ ಸಾಕ್ಷಿ. ಕಾರಣ ಬೇರೆ ಇದೆ. ಕಾರಿನಲ್ಲಿ ಹೋದವನು ಎಲ್ಲಿ ಹತ್ತಿದನೋ ಅಲ್ಲಿಗೇ ಇಳಿದು ಬರಬೇಕು, ಏಕೆಂದರೆ ಕಾರು ಅಲ್ಲಿ ಕಾಯುತ್ತಿರುತ್ತದೆ. ರೈಲಿನಲ್ಲಿ ಹೋದವನಿಗೆ ಆ ಕಟ್ಟಿಲ್ಲ. ಒಂದು ಕಡೆಯಿಂದ ಹತ್ತಿ, ಗುಡ್ಡದ ನೆತ್ತಿಯ ಮೇಲೆ ನಡೆದು, ಇನ್ನೊಂದು ಕಡೆ ಇಳಿಯಬಹುದು.

ಇಂಥ ಒಂದು ದಿನದ ಪ್ರವಾಸವನ್ನು ಯೋಜಿಸುವ ಕ್ರಮವೇ ಸ್ವಾರಸ್ಯವಾಗಿದೆ. ಲೆಕ್ಕ ಆರಂಭವಾಗುವುದು ಬೆಳಗಿನ ಮೊದಲ ರೈಲಿನಿಂದಲ್ಲ, ಸಂಜೆಯ ಕೊನೆಯ ಬಂಡಿಯಿಂದ. ಕೊನೆಯ ಬಸ್ಸು ಎಂದರೇನು ಎಂಬುದನ್ನು ಮಲೆನಾಡಿನ ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಲ್ಪ್ಸ್‌ನಲ್ಲೂ ಅದೇ ಕಥೆ. ಕಣಿವೆಯ ರೈಲುಗಳು ರಾತ್ರಿಯವರೆಗೂ ಓಡುತ್ತವೆ, ಆದರೆ ಶಿಖರದ ಕೇಬಲ್ ಕಾರ್ ಸಂಜೆಗೆ ಮುಂಚೆಯೇ ನಿಂತುಬಿಡುತ್ತದೆ. ಅದು ಎಷ್ಟು ಹೊತ್ತಿಗೆ ಎಂದು ಮೊದಲು ನೋಡಬೇಕು. ಅದರಿಂದ ನಡಿಗೆಯ ಅವಧಿ ಕಳೆಯಬೇಕು. ಬುತ್ತಿ ಬಿಚ್ಚಿ ಕೂರಲು, ದಾರಿ ತಪ್ಪಿದರೆ ಸರಿಪಡಿಸಿಕೊಳ್ಳಲು ಒಂದು ಗಂಟೆ ಕಳೆಯಬೇಕು. ಉಳಿದದ್ದೇ ಮೇಲೆ ತಲಪಬೇಕಾದ ವೇಳೆ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಹೆಚ್ಚು, ಆದ್ದರಿಂದ ತೆರೆದ ನೆತ್ತಿಯ ನಡಿಗೆ ಅದಕ್ಕೆ ಮುಂಚೆಯೇ ಮುಗಿದಿರಬೇಕು. ಹೀಗೆ ಹಿಂದು ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಬರ್ನ್‌ನ ಏಳು ಗಂಟೆಯ ರೈಲು ಸಿಗುತ್ತದೆ.

ಉದಾಹರಣೆಗೆ ಅಲೆಚ್ ಹಿಮನದಿಯ ಪ್ರವಾಸ. ಸುಮಾರು 20 ಕಿಲೋಮೀಟರ್ ಉದ್ದದ ಇದು ಆಲ್ಪ್ಸ್‌ನಲ್ಲೇ ದೊಡ್ಡ ಹಿಮನದಿ. 2001ರಲ್ಲಿ ಈ ಪ್ರದೇಶ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬರ್ನ್‌ನಿಂದ ಹೊರಟ ರೈಲು 2007ರಲ್ಲಿ ತೆರೆದ 34.6 ಕಿಲೋಮೀಟರ್ ಉದ್ದದ ಲೋಚ್‌ಬರ್ಗ್ ತಳಸುರಂಗದ ಮೂಲಕ ಪರ್ವತದ ಕೆಳಗೇ ಹಾದು ಸುಮಾರು ಒಂದು ಗಂಟೆಯಲ್ಲಿ ಬ್ರಿಗ್ ಪಟ್ಟಣ ತಲಪುತ್ತದೆ. ನಿಲ್ದಾಣದಿಂದ ಹೊರಬಂದರೆ ಎದುರಿನ ಚೌಕದಲ್ಲೇ ಕೆಂಪು ಬಣ್ಣದ ಮೀಟರ್‌ಗೇಜ್ ರೈಲು ನಿಂತಿರುತ್ತದೆ. ಅದು ಅರ್ಧ ಗಂಟೆಯೊಳಗೆ ಬೆಟ್ಟನ್ ಎಂಬ ಕಣಿವೆಯ ನಿಲ್ದಾಣದಲ್ಲಿ ಇಳಿಸುತ್ತದೆ. ಅಲ್ಲಿಂದ ಕೇಬಲ್ ಕಾರ್‌ನಲ್ಲಿ ಬೆಟ್ಮರ್‌ಆಲ್ಪ್ ಎಂಬ ಹಳ್ಳಿ. ಅಲ್ಲಿಂದ ಇನ್ನೊಂದು ಕೇಬಲ್ ಕಾರ್ ಹಿಡಿದರೆ ಬೆಟ್ಮರ್‌ಹಾರ್ನ್ ನಿಲ್ದಾಣ, ಎತ್ತರ 2,600 ಮೀಟರಿಗೂ ಮೇಲೆ. ಹಿಮನದಿ ಕಾಲ ಕೆಳಗೆ ಹೆದ್ದಾರಿಯಂತೆ ಬಾಗಿ ಹರಡಿಕೊಂಡಿರುತ್ತದೆ.

ಬೆಟ್ಮರ್‌ಆಲ್ಪ್ ಹಳ್ಳಿಯಲ್ಲಿ ಖಾಸಗಿ ಕಾರುಗಳಿಲ್ಲ. ಅಕ್ಕಿ, ಹಾಲು, ಅಂಚೆ, ಶಾಲೆಯ ಪುಸ್ತಕ, ರೋಗಿ, ಪ್ರವಾಸಿ ಎಲ್ಲರಿಗೂ ಕೇಬಲ್ ಕಾರೇ ಗತಿ. ಆದ್ದರಿಂದ ಅದು ಪ್ರವಾಸಿಗಳ ಮೋಜಿನ ಸಾಧನವಲ್ಲ, ಊರಿನ ರಸ್ತೆ. ದೇಶದ ಅಧಿಕೃತ ವೇಳಾಪಟ್ಟಿಯಲ್ಲಿ ರೈಲಿನ ಪಕ್ಕದಲ್ಲೇ ಅದಕ್ಕೂ ಸ್ಥಾನವಿದೆ, ಬರ್ನ್‌ನಲ್ಲಿ ಕೊಂಡ ಒಂದೇ ಟಿಕೆಟ್ ಹಳ್ಳಿಯವರೆಗೂ ನಡೆಯುತ್ತದೆ.

ರೈಲು ಇಳಿದೊಡನೆ ಮುಂದಿನ ರೈಲು ಎದುರಿಗೇ ನಿಂತಿರುವುದು ಆಕಸ್ಮಿಕವಲ್ಲ. ಅದರ ಹಿಂದೆ ಒಂದು ಕಥೆಯಿದೆ. 1970ರ ದಶಕದ ಆರಂಭದಲ್ಲಿ ಸ್ವಿಸ್ ರೈಲ್ವೆಯ ಕೆಲವು ಯುವ ಎಂಜಿನಿಯರುಗಳು ಬಿಡುವಿನಲ್ಲಿ ಕೂಡಿ ಒಂದು ಹೊಸ ವೇಳಾಪಟ್ಟಿಯ ಕನಸು ಕಾಣತೊಡಗಿದರು. ಸ್ಯಾಮುಯೆಲ್ ಸ್ಟೇಲಿ ಅವರಲ್ಲಿ ಮುಖ್ಯರು. ತಮ್ಮ ಗುಂಪಿಗೆ ಅವರೇ ಇಟ್ಟುಕೊಂಡ ಹೆಸರಿನ ಅರ್ಥ ಹೆಚ್ಚುಕಡಿಮೆ 'ತಲೆಕೆಟ್ಟವರ ಸಂಘ'. ಅವರ ವಾದ ಸರಳವಾಗಿತ್ತು. ಪ್ರತಿ ಮಾರ್ಗದಲ್ಲೂ ಗಂಟೆಗೊಂದು ರೈಲು, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ. ನೆದರ್ಲೆಂಡ್ಸಿನಲ್ಲಿ ಆಗಲೇ ಇಂಥ ಕ್ರಮವಿತ್ತು. 1982ರ ಮೇ 23ರಂದು ಇಡೀ ಸ್ವಿಟ್ಜರ್ಲೆಂಡಿನಲ್ಲಿ ಅದು ಜಾರಿಗೆ ಬಂತು. ಅಂದಿನಿಂದ ಪ್ರಯಾಣಿಕ ವೇಳೆಯನ್ನು ನೆನಪಿಡಬೇಕಿಲ್ಲ, ನಿಮಿಷವೊಂದನ್ನು ನೆನಪಿಟ್ಟರೆ ಸಾಕು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. 1987ರ ಡಿಸೆಂಬರ್ 6ರಂದು ಮತದಾರರು ಜನಮತಗಣನೆಯಲ್ಲಿ 'ರೈಲು 2000' ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟರು. ದೊಡ್ಡ ನಿಲ್ದಾಣಗಳಿಗೆ ನಾಲ್ಕೂ ದಿಕ್ಕಿನ ರೈಲುಗಳು ಗಂಟೆ ಹೊಡೆಯುವುದಕ್ಕೆ ಕೊಂಚ ಮೊದಲು ಬಂದು ಸೇರಬೇಕು, ಜನ ಬದಲಾಯಿಸಿಕೊಳ್ಳಬೇಕು, ಗಂಟೆ ಹೊಡೆದು ಕೆಲವು ನಿಮಿಷಕ್ಕೆ ಎಲ್ಲವೂ ಹೊರಡಬೇಕು. ಇದಕ್ಕೆ ಎರಡು ನಿಲ್ದಾಣಗಳ ನಡುವಿನ ಪ್ರಯಾಣ ಒಂದು ಗಂಟೆಗಿಂತ ತುಸು ಕಡಿಮೆ ಇರಬೇಕಾಗುತ್ತದೆ. ಬರ್ನ್ ಮತ್ತು ಜ್ಯೂರಿಕ್ ನಡುವೆ ಅದು ಹೆಚ್ಚಿತ್ತು. ಹೊಸ ಹಳಿ ಹಾಕಿ 56 ನಿಮಿಷಕ್ಕೆ ಇಳಿಸಿದರು, 2004ರ ಡಿಸೆಂಬರಿನಲ್ಲಿ ಹೊಸ ವೇಳಾಪಟ್ಟಿ ಬಂತು. ಅದಕ್ಕಿಂತ ವೇಗವಾಗಿ ಓಡಿಸುವ ಗೋಜಿಗೆ ಅವರು ಹೋಗಲಿಲ್ಲ. ಹತ್ತು ನಿಮಿಷ ಮೊದಲೇ ಬಂದರೂ ಮುಂದಿನ ರೈಲಿಗೆ ಕಾಯಲೇಬೇಕಲ್ಲ. ಬೇರೆ ದೇಶಗಳಲ್ಲಿ ಮೊದಲು ಹಳಿ ಹಾಕಿ ಆಮೇಲೆ ವೇಳಾಪಟ್ಟಿ ಬರೆಯುತ್ತಾರೆ. ಇಲ್ಲಿ ಮೊದಲು ವೇಳಾಪಟ್ಟಿ ಬರೆದು ಅದಕ್ಕೆ ತಕ್ಕಂತೆ ಸುರಂಗ ಕೊರೆದರು. ಗಡಿಯಾರ ನೋಡಿಕೊಂಡು ಗುಡ್ಡ ಕೊರೆದ ಜನ ಇನ್ನೆಲ್ಲಿ ಸಿಕ್ಕಾರು?

ಗುಡ್ಡ ಹತ್ತುವ ರೈಲಿನ ಇತಿಹಾಸ ಇದಕ್ಕಿಂತ ಹಳೆಯದು, ಅದರ ಒಂದು ಎಳೆ ಕನ್ನಡ ನಾಡಿನ ಗಡಿಗೂ ಬಂದು ಮುಟ್ಟುತ್ತದೆ. ನಯವಾದ ಹಳಿಯ ಮೇಲೆ ಕಬ್ಬಿಣದ ಗಾಲಿ ಒಂದು ಮಿತಿಗಿಂತ ಕಡಿದಾದ ಏರಿನಲ್ಲಿ ಜಾರುತ್ತದೆ. ಓಲ್ಟನ್ ಪಟ್ಟಣದ ರೈಲ್ವೆ ಕಾರ್ಖಾನೆಯ ಮುಖ್ಯಸ್ಥ ನಿಕ್ಲಾಸ್ ರಿಗೆನ್‌ಬಾಕ್ ಇದಕ್ಕೆ ಉಪಾಯ ಕಂಡುಹಿಡಿದರು. ಎರಡು ಹಳಿಗಳ ನಡುವೆ ಏಣಿಯಂಥ ಮೂರನೆಯ ಹಳಿ, ಅದರ ಮೆಟ್ಟಿಲುಗಳಿಗೆ ಕಚ್ಚಿಕೊಳ್ಳುವ ಹಲ್ಲುಗಾಲಿ. 1871ರ ಮೇ ತಿಂಗಳಲ್ಲಿ ರಿಗಿ ಬೆಟ್ಟದ ಮೇಲೆ ಯುರೋಪಿನ ಮೊದಲ ಇಂಥ ರೈಲು ಏರಿತು. ನೀಲಗಿರಿಗೆ ರೈಲು ಹಾಕುವ ಚರ್ಚೆ ನಡೆಯುತ್ತಿದ್ದಾಗ, 1882ರಲ್ಲಿ ಇದೇ ರಿಗೆನ್‌ಬಾಕ್ ಕೂನೂರಿಗೆ ಬಂದು ಹೋದರು. ಕೊನೆಗೆ ಅಲ್ಲಿ ಬಳಕೆಯಾದದ್ದು ಅವರ ಬಳಿ ಕೆಲಸ ಮಾಡಿದ್ದ ರೋಮನ್ ಆಪ್ಟ್ ರೂಪಿಸಿದ ಹಲ್ಲುಹಳಿ. 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ರೈಲು ತಲಪಿತು. ಅದನ್ನು ತಳ್ಳಿದ ಎಂಜಿನುಗಳಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್‌ನಲ್ಲಿ ತಯಾರಾದವೂ ಇದ್ದವು.

ಹಳಿ ಹಾಕಲಾಗದ ಕಣಿವೆಗಳಿಗೆ ಹಳದಿ ಬಣ್ಣದ ಅಂಚೆ ಬಸ್ಸುಗಳಿವೆ. ಕುದುರೆಗಾಡಿಯ ಅಂಚೆಯ ಜಾಗಕ್ಕೆ 1906ರಿಂದ ಬಂದ ಇವು ತಿರುವುಗಳಲ್ಲಿ ಮೂರು ಸ್ವರದ ಕೊಂಬು ಊದುತ್ತ ಏರುತ್ತವೆ. ರೊಸ್ಸಿನಿಯ 'ವಿಲಿಯಂ ಟೆಲ್' ಸಂಗೀತ ನಾಟಕದಿಂದ ತೆಗೆದುಕೊಂಡ ಸ್ವರಗಳು ಅವು. ಬೆಟ್ಟದ ಅಂಚೆ ರಸ್ತೆಗಳಲ್ಲಿ ಎದುರಿನ ಕಾರು ಎಷ್ಟೇ ದೊಡ್ಡದಿರಲಿ, ಬಸ್ಸಿನ ಚಾಲಕ ಹಿಂದೆ ಸರಿ ಎಂದರೆ ಸರಿಯಲೇಬೇಕು.

ಯೋಜನೆ ಕೈಕೊಡುವ ಸಂದರ್ಭಗಳೂ ಇಲ್ಲದಿಲ್ಲ. ವಸಂತದಲ್ಲಿ ಮತ್ತು ನವೆಂಬರಿನಲ್ಲಿ ಅನೇಕ ಕೇಬಲ್ ಕಾರುಗಳು ದುರಸ್ತಿಗೆಂದು ವಾರಗಟ್ಟಲೆ ನಿಲ್ಲುತ್ತವೆ. ಎತ್ತರದ ಕಣಿವೆಮಾರ್ಗಗಳ ಬಸ್ಸು ಹಿಮ ಕರಗಿದ ಮೇಲಷ್ಟೇ. ಕೆಲವು ಬಸ್ಸುಗಳು ಮೊದಲೇ ಫೋನ್ ಮಾಡಿ ಹೇಳಿದವರಿಗೆ ಮಾತ್ರ ಬರುತ್ತವೆ. ಇವೆಲ್ಲ ವೇಳಾಪಟ್ಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತವೆ, ಅನುಭವಸ್ಥರು ಮೊದಲು ಓದುವುದೂ ಅದನ್ನೇ. ನಡಿಗೆಗೆ ಬೇಕಾದ ವೇಳೆಯನ್ನು ಮಾತ್ರ ಊಹಿಸಬೇಕಿಲ್ಲ. ದೇಶದ ಸುಮಾರು 65,000 ಕಿಲೋಮೀಟರ್ ಕಾಲುದಾರಿಗಳಲ್ಲಿ ನಿಂತ ಹಳದಿ ಫಲಕಗಳು ದೂರವನ್ನು ಹೇಳುವುದಿಲ್ಲ, ಗಂಟೆ ನಿಮಿಷಗಳನ್ನು ಹೇಳುತ್ತವೆ. ಅದರಲ್ಲಿ ಬಿಡುವಿನ ಹೊತ್ತು ಸೇರಿರುವುದಿಲ್ಲ ಎಂಬುದು ನೆನಪಿರಬೇಕು. ಬೆಟ್ಮರ್‌ಹಾರ್ನ್‌ನಿಂದ ಇಳಿಯುವ ಕೊನೆಯ ಬಂಡಿ ತಪ್ಪಿದರೆ ಹಳ್ಳಿಗೆ ಸುಮಾರು 700 ಮೀಟರ್ ಎತ್ತರವನ್ನು ಮೊಣಕಾಲ ಮೇಲೆಯೇ ಇಳಿಯಬೇಕು.

ಇಷ್ಟೆಲ್ಲ ಶಿಸ್ತಿನಿಂದ ನೋಡಲು ಹೋದ ಹಿಮನದಿ ಮಾತ್ರ ಯಾವ ವೇಳಾಪಟ್ಟಿಗೂ ಒಳಪಟ್ಟಿಲ್ಲ. ಹದಿನೇಳನೆಯ ಶತಮಾನದಲ್ಲಿ ಅಲೆಚ್ ಬೆಳೆಯುತ್ತಿತ್ತು. ಅದರ ಅಂಚಿನ ಸರೋವರ ಒಡೆದು ಊರುಗಳಿಗೆ ನೀರು ನುಗ್ಗುತ್ತಿತ್ತು. ಅದೇ ಕೆಂಪು ರೈಲಿನ ಹಾದಿಯ ಫೀಶ್ ಮತ್ತು ನೆರೆಯ ಫೀಶರ್‌ಟಾಲ್ ಊರಿನವರು 1678ರಲ್ಲಿ ಹರಕೆ ಹೊತ್ತರು. ಹಿಮನದಿ ಬೆಳೆಯದಿರಲಿ ಎಂದು ಪ್ರಾರ್ಥಿಸುತ್ತ ತಲೆಮಾರುಗಳ ಕಾಲ ಮೆರವಣಿಗೆ ಮಾಡಿದರು. 1860ರ ದಶಕದಿಂದೀಚೆಗೆ ಹಿಮನದಿ ಮೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಹರಕೆಯನ್ನು ಬದಲಿಸಿಕೊಡಿ ಎಂದು ಊರಿನವರು ವ್ಯಾಟಿಕನ್‌ಗೆ ಮೊರೆಯಿಟ್ಟರು, 2010ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಪ್ರಾರ್ಥನೆ ಹಿಮನದಿ ಕರಗದಿರಲಿ ಎಂದು.

ಮಂಜಿನ ಆಸರೆ ತಪ್ಪಿದ ಇಳಿಜಾರುಗಳು ಸಡಿಲವಾಗುತ್ತಿವೆ. ಬೆಟ್ಮರ್‌ಹಾರ್ನ್‌ನಿಂದ ನೆತ್ತಿಯ ಹಾದಿಯಲ್ಲಿ ನಡೆದು ಇಳಿಯುವ ಮೂಸ್‌ಫ್ಲೂ ಎಂಬಲ್ಲಿ 2015ರಲ್ಲಿ ತೆರೆದ ಹೊಸ ಕೇಬಲ್ ಕಾರ್ ನಿಲ್ದಾಣವನ್ನು, ಗುಡ್ಡ ಸರಿದಂತೆ ತಾನೂ ಸರಿಸಿಕೊಳ್ಳಲು ಬರುವ ಅಡಿಪಾಯದ ಮೇಲೆ ಕಟ್ಟಬೇಕಾಯಿತು. ಮರುವರ್ಷವೇ ಆ ಇಳಿಜಾರು ವೇಗವಾಗಿ ಜರುಗತೊಡಗಿ ಕೆಲವು ಕಾಲುದಾರಿಗಳನ್ನು ಮುಚ್ಚಿದರು. ಹಾಗಾಗಿ ಬರ್ನ್‌ನಿಂದ ಹೊರಡುವವರು ಹಿಂದಿನ ರಾತ್ರಿ ಕೊನೆಯ ಬಂಡಿಯ ವೇಳೆಯ ಜೊತೆಗೆ, ಯಾವ ದಾರಿ ಮುಚ್ಚಿದೆ ಎಂಬುದನ್ನೂ ನೋಡಿಕೊಳ್ಳುತ್ತಾರೆ.